ಬೀಗ ಹಾಕಿದ ಮನೆಯ ಬೆಕ್ಕು



ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಪತ್ತನಾಜೆಯವರೆಗೆ ನಮ್ಮ ಕರಾವಳಿಯವರಿಗೆ ಸ್ವಂತ ಮನೆಯಲ್ಲಿ ಮಲಗಲು ಪುರುಸೊತ್ತು ಕಡಿಮೆ. ತರವಾಡು ಮನೆಯಲ್ಲಿ ದೈವದ ನೇಮ ಇರುತ್ತದೆ, ಹುಟ್ಟೂರಿನ ದೇವಸ್ಥಾನದಲ್ಲಿ ಬ್ರಹ್ಮಕಲಶ ಇರುತ್ತದೆ, ಬೆಳಗಿನವರೆಗೆ ಬಯಲಾಟ ಇರುತ್ತದೆ, ಬೆಂಗಳೂರಿನಲ್ಲಿ ಯಾರದೋ ಮದುವೆ ಇರುತ್ತದೆ. ಹೊರಡುವ ಮೊದಲು ಹಟ್ಟಿಯ ದನಕ್ಕೆ ಹುಲ್ಲು ಹಾಕಲು ಜನ ಹೇಳಿಟ್ಟಿರುತ್ತೇವೆ. ಕೋಳಿಗಳನ್ನು ಲೆಕ್ಕ ಮಾಡಿ ಗೂಡಿಗೆ ಸೇರಿಸಿರುತ್ತೇವೆ. ನಾಯಿಗೆ ಅನ್ನ ಹಾಕುವವರು ಯಾರು ಅಂತಲೂ ನಿಶ್ಚಯ ಆಗಿರುತ್ತದೆ. ಬೆಕ್ಕಿನ ವಿಷಯ ಬಂದಾಗ ಮಾತ್ರ "ಅದಕ್ಕೇನು ಮಾರಾಯ್ರೆ, ಅದು ಹೇಗೂ ಬದುಕ್ತದೆ" ಅಂತ ಹೇಳಿ ರಿಕ್ಷಾ ಹತ್ತುತ್ತೇವೆ.

ಈ ಮಾತು ಒಂದು ಕಾಲದಲ್ಲಿ ನಿಜವೇ ಆಗಿತ್ತು. ಹಂಚಿನ ಮನೆಗೆ ಅಟ್ಟ ಇತ್ತು, ಅಟ್ಟದಲ್ಲಿ ಇಲಿ ಇತ್ತು, ಮಾಡಿನ ಸಂದಿನಿಂದ ಹೊರಗೆ ಹೋಗಲು ದಾರಿಯೂ ಇತ್ತು. ಮನೆಗೆ ಬೀಗ ಬೀಳುವುದೇ ಅಪರೂಪ. ಎಲ್ಲರೂ ಹೊರಟರೂ ಮುದುಕಿ ಅಜ್ಜಿಯೊಬ್ಬಳು ಉಳಿಯುತ್ತಿದ್ದಳು. ಅವಳೂ ಇಲ್ಲದಿದ್ದರೆ ಬೆಕ್ಕು ತಾನಾಗಿ ಆಚೆಮನೆಯ ಅಡುಗೆಕೋಣೆಯ ಬಾಗಿಲಿಗೆ ಹೋಗಿ ಕೂರುತ್ತಿತ್ತು. ಆಚೆಮನೆಯವರು ಬೂತಾಯಿಯ ತಲೆ ಎಸೆಯುವಾಗ ಅದು ಯಾರ ಮನೆಯ ಬೆಕ್ಕು ಅಂತ ಕೇಳುವ ಪದ್ಧತಿ ಇರಲಿಲ್ಲ.

ಈಗ ನಮ್ಮ ತೊಕ್ಕೊಟ್ಟನ್ನು ಒಮ್ಮೆ ನೋಡಿ. ನೇತ್ರಾವತಿ ಸಂಕ ದಾಟಿ ಬಂದರೆ ಒಂದು ದಾರಿ ಉಳ್ಳಾಲಕ್ಕೆ, ಒಂದು ದಾರಿ ದೇರಳಕಟ್ಟೆ, ಕೊಣಾಜೆಗೆ, ನೇರ ಹೋದರೆ ತಲಪಾಡಿ, ಅಲ್ಲಿಂದ ಮುಂದೆ ಕೇರಳ. ಮೆಡಿಕಲ್ ಕಾಲೇಜುಗಳು, ವಿಶ್ವವಿದ್ಯಾನಿಲಯ, ಆಸ್ಪತ್ರೆಗಳು ಈ ದಾರಿಗಳಲ್ಲೇ ಇರುವ ಕಾರಣ ನರ್ಸುಗಳು, ವಿದ್ಯಾರ್ಥಿಗಳು, ಮೇಷ್ಟ್ರುಗಳು, ಗಲ್ಫಿನಿಂದ ಮರಳಿದವರು ಎಲ್ಲರೂ ಇಲ್ಲಿ ಮನೆ ಮಾಡಿದ್ದಾರೆ. ಹೆದ್ದಾರಿಯ ಎರಡೂ ಬದಿಗೆ ಫ್ಲ್ಯಾಟುಗಳು ಎದ್ದಿವೆ. ಹೆದ್ದಾರಿಯ ಬದಿಯಲ್ಲಿ ಬೆಕ್ಕು ಸಾಕುವವರು ಅದನ್ನು ಹೊರಗೆ ಬಿಡಲು ಹೆದರುತ್ತಾರೆ. ಆ ಹೆದರಿಕೆ ಸರಿಯಾದದ್ದೇ. ಹಾಗಾಗಿ ಬೆಕ್ಕು ಮೂರನೇ ಮಾಳಿಗೆಯಲ್ಲಿ, ಮುಚ್ಚಿದ ಬಾಗಿಲಿನ ಒಳಗೆ ಇದೆ. ಇಲಿ ಇಲ್ಲ, ಅಟ್ಟ ಇಲ್ಲ, ಆಚೆಮನೆಗೆ ದಾರಿ ಇಲ್ಲ. ಮನೆಯವರು ಬೀಗ ಹಾಕಿ ಹೋದರೆ ಅದು ಹೇಗೂ ಬದುಕುವುದಿಲ್ಲ. ನಾವು ಇಟ್ಟುಹೋದದ್ದರಲ್ಲಿ, ನಾವು ಹೇಳಿಹೋದವರು ಬಂದರೆ ಬದುಕುತ್ತದೆ.

"ಹಾಗಾದರೆ ಜೊತೆಗೆ ಕರೆದುಕೊಂಡು ಹೋಗುವುದೇ ಒಳ್ಳೆಯದಲ್ಲವಾ" ಅಂತ ಮಕ್ಕಳು ಕೇಳುತ್ತಾರೆ. ನಾಯಿಯಾದರೆ ಯಜಮಾನ ಇರುವಲ್ಲಿ ಅದಕ್ಕೆ ನೆಮ್ಮದಿ. ಬೆಕ್ಕಿಗೆ ನೆಮ್ಮದಿ ಇರುವುದು ತಾನು ಮೈ ಉಜ್ಜಿ ತನ್ನ ವಾಸನೆ ಹಚ್ಚಿಟ್ಟ ಗೋಡೆ, ಬಾಗಿಲು, ಕುರ್ಚಿಗಳ ನಡುವೆ. ನಮ್ಮ ಮನೆಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾ ಕಡೆಯ ಒಣ ನೆಲದ ಕಾಡುಬೆಕ್ಕು. ಒಂಟಿಯಾಗಿ ಬೇಟೆಯಾಡುವ, ತನ್ನದೆಂಬ ಗಡಿ ಇಟ್ಟುಕೊಳ್ಳುವ ಪ್ರಾಣಿ ಅದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂತದ್ದು ಸಿಕ್ಕಿದೆ. ಅಷ್ಟು ಹಳೆಯ ಸಹವಾಸ ಇದ್ದರೂ ಆ ಗಡಿಯ ಸ್ವಭಾವವನ್ನು ಅದು ಬಿಟ್ಟುಕೊಟ್ಟಿಲ್ಲ. ನೇಮದ ಮನೆಯಲ್ಲಿ ನೂರಾರು ಜನ, ಕದೊನಿ ಸಿಡಿಯುವ ಸದ್ದು, ತಾಸೆಯ ಬಡಿತ. ಅಂಥಲ್ಲಿ ಬುಟ್ಟಿಯ ಬಾಯಿ ಒಮ್ಮೆ ತೆರೆದರೆ ಬೆಕ್ಕು ಯಾವ ತೋಟಕ್ಕೆ ಓಡಿತು ಅಂತ ರಾತ್ರಿಯಿಡೀ ಹುಡುಕಬೇಕಾದೀತು. ಒಂದೆರಡು ರಾತ್ರಿಯ ಮಾತಾದರೆ ಬೆಕ್ಕು ತನ್ನ ಮನೆಯಲ್ಲೇ ಇರಲಿ.

ಪ್ರಾಣಿಗಳನ್ನು ಇಟ್ಟುಕೊಳ್ಳುವ ಜಾಗಗಳು, ಬೋರ್ಡಿಂಗ್ ಅಂತ ಹೇಳುತ್ತಾರಲ್ಲ, ಅವು ಮಂಗಳೂರಿನಂಥ ಊರುಗಳಲ್ಲಿ ಈಗ ಇವೆ. ವಾರಗಟ್ಟಲೆ ಹೋಗುವವರಿಗೆ, ಅಕ್ಕಪಕ್ಕದಲ್ಲಿ ಯಾರೂ ಇಲ್ಲದವರಿಗೆ ಅದು ಬೇಕಾದೀತು. ಬಿಡುವ ಮೊದಲು ನೀವೇ ಹೋಗಿ ನೋಡಿ. ಬೆಕ್ಕಿನ ಗೂಡು ನಾಯಿಗಳ ಎದುರಿಗೇ ಇದ್ದರೆ ಬೇಡ. ಲಸಿಕೆಯ ಪುಸ್ತಕ ಕೇಳದೆ ಬೆಕ್ಕನ್ನು ಒಳಗೆ ಬಿಟ್ಟುಕೊಳ್ಳುವ ಜಾಗವಂತೂ ಬೇಡವೇ ಬೇಡ. ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯೂಕೊಪೀನಿಯಾ ಎಂಬ ವಾಂತಿಭೇದಿಯ ರೋಗದ ವೈರಸ್ ನೆಲದಲ್ಲಿ, ಪಂಜರದಲ್ಲಿ ಒಂದು ವರ್ಷದಷ್ಟು ಕಾಲ ಉಳಿದುಕೊಳ್ಳಬಲ್ಲದು. ಮರಿಗಳನ್ನು ಅದು ಎರಡು ಮೂರು ದಿನದಲ್ಲಿ ಮುಗಿಸಿಬಿಡಬಲ್ಲದು. ಇದಕ್ಕೂ ಹುಚ್ಚುನಾಯಿ ರೋಗಕ್ಕೂ ಲಸಿಕೆ ಹಾಕಿಸದೆ ಬೆಕ್ಕನ್ನು ಇನ್ನೊಬ್ಬರ ವಶಕ್ಕೆ ಕೊಡುವುದು ಬೆಕ್ಕಿಗೂ ಅನ್ಯಾಯ, ಇಟ್ಟುಕೊಳ್ಳುವವರಿಗೂ ಅನ್ಯಾಯ.

ಸರಿ, ಬೆಕ್ಕು ಮನೆಯಲ್ಲೇ ಉಳಿಯಿತು ಅಂತಿಟ್ಟುಕೊಳ್ಳಿ. ಮೊದಲ ಪ್ರಶ್ನೆ ಊಟದ್ದು.

ನಮ್ಮಲ್ಲಿ ಬೆಕ್ಕಿನ ಊಟ ಅಂದರೆ ಮೀನು ಕಲಸಿದ ಅನ್ನ. ಸಂಜೆ ಹೊರಡುವಾಗ ದೊಡ್ಡ ತಟ್ಟೆಯಲ್ಲಿ ಎರಡು ಹೊತ್ತಿನದ್ದು ಒಟ್ಟಿಗೆ ಕಲಸಿಟ್ಟರೆ ಕೆಲಸ ಮುಗಿಯಿತು ಅಂತ ಅನಿಸುತ್ತದೆ. ಆದರೆ ಇದು ಮಂಗಳೂರಿನ ಸೆಖೆ. ಕಲಸಿದ ಅನ್ನ ರಾತ್ರಿ ಹನ್ನೊಂದಕ್ಕೆ ಹುಳಿವಾಸನೆ ಹೊಡೆಯುತ್ತದೆ, ಅದಕ್ಕೂ ಮೊದಲೇ ಇರುವೆಗಳು ಸಾಲು ಹಿಡಿದಿರುತ್ತವೆ. ಇರುವೆ ಮುತ್ತಿದ ತಟ್ಟೆಗೆ ಬೆಕ್ಕು ಬಾಯಿ ಹಾಕುವುದಿಲ್ಲ. ನಮ್ಮ ಅಜ್ಜಿಯಂದಿರು ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡುತ್ತಿದ್ದರಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ: ಅಗಲವಾದ ತಟ್ಟೆಗೆ ನೀರು ಹೊಯ್ದು ಅದರ ನಡುವೆ ಊಟದ ಬಟ್ಟಲು. ಬೆಕ್ಕು ಮನೆಯವರಿಲ್ಲದ ಹೊತ್ತಿನಲ್ಲಿ ತಿನ್ನಬೇಕಾದದ್ದು ಅಂಗಡಿಯ ಒಣ ಆಹಾರವನ್ನೇ. ಅದನ್ನು ಹೊರಡುವ ದಿನ ಹೊಸದಾಗಿ ರುಚಿ ತೋರಿಸಬೇಡಿ, ಹತ್ತು ಹದಿನೈದು ದಿನ ಮೊದಲೇ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ. ಮಳೆಗಾಲದಲ್ಲಿ ಅದೂ ಒದ್ದೆ ಹಿಡಿದು ಮೆತ್ತಗಾಗುತ್ತದೆ, ಬೂಷ್ಟು ಬರುತ್ತದೆ. ಆದ್ದರಿಂದ ಬಟ್ಟಲಿನಲ್ಲಿ ಒಂದು ಹೊತ್ತಿನದ್ದು, ಉಳಿದದ್ದು ಬಿಗಿ ಮುಚ್ಚಳದ ಡಬ್ಬಿಯಲ್ಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಆಗ ಬಂಗುಡೆಯ ಬೆಲೆ ಕೇಳಿದರೆ ಮನುಷ್ಯರೇ ಸುಮ್ಮನೆ ಹಿಂದೆ ಬರುತ್ತಾರೆ. ಬೆಕ್ಕು ನೋಡಿಕೊಳ್ಳಲು ಬಂದವರು ಪಾಪ, ಪ್ರೀತಿಯಿಂದ ಒಣಮೀನು ಸುಟ್ಟು ಹಾಕಿಬಿಡುತ್ತಾರೆ. ಉಪ್ಪಿನಲ್ಲಿ ನೆನೆಸಿ ಒಣಗಿಸಿದ ಮೀನು ಅದು, ಬೆಕ್ಕಿಗೆ ಆಗುವುದಿಲ್ಲ. ನೀರುಳ್ಳಿ ಹಾಕಿದ ಸಾರು ಕೂಡ ಕೊಡಬಾರದು, ನೀರುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತದೆ. ಹಾಲು ಕುಡಿಸಿದರೆ ಹೊಟ್ಟೆ ತುಂಬುತ್ತದೆ ಎಂಬುದು ನಮ್ಮ ಗಾದೆಗಳಿಂದ ಬಂದ ನಂಬಿಕೆ. ದೊಡ್ಡದಾದ ಹೆಚ್ಚಿನ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ, ಮರುದಿನ ಭೇದಿ. ತೆನಾಲಿ ರಾಮಕೃಷ್ಣನ ಕತೆಯ ಬೆಕ್ಕು ಹಾಲು ಕಂಡು ಓಡಿದ್ದು ಬಾಯಿ ಸುಟ್ಟದ್ದಕ್ಕೆ. ನಮ್ಮ ಬೆಕ್ಕುಗಳಿಗೆ ಬೇರೆಯೇ ಕಾರಣ ಉಂಟು.

ನೀರು ಎರಡು ಕಡೆ ಇಡಿ, ಮಗುಚದಂಥ ಭಾರದ ಪಾತ್ರೆಯಲ್ಲಿ. ಒಂದನ್ನು ಚೆಲ್ಲಿದರೆ ಇನ್ನೊಂದು ಇರಲಿ. ಹೊಯಿಗೆಯ ಟ್ರೇ ಹೊರಡುವ ಮೊದಲು ಹೊಸದಾಗಿ ತುಂಬಿ. ಹೊಯಿಗೆಗೆ ಈಗ ಇರುವ ಬೆಲೆಯಲ್ಲಿ ಅದು ಕಷ್ಟ ಅಂತಾದರೆ ಮರದ ಮಿಲ್ಲಿನ ಹುಡಿಯೂ ಆಗುತ್ತದೆ. ಗಲೀಜಾದ ಟ್ರೇಯನ್ನು ಬೆಕ್ಕು ಮುಟ್ಟುವುದಿಲ್ಲ, ನಿಮ್ಮ ಹಾಸಿಗೆಯನ್ನು ಹುಡುಕುತ್ತದೆ. ಆಮೇಲೆ ಅದಕ್ಕೆ ಬೈದು ಪ್ರಯೋಜನವಿಲ್ಲ.

ಇಷ್ಟು ಮಾಡಿದರೆ ಆರೋಗ್ಯವಾಗಿರುವ ದೊಡ್ಡ ಬೆಕ್ಕು ಒಂದು ರಾತ್ರಿ ಕಳೆಯುತ್ತದೆ. ಸಂಜೆ ಹೋಗಿ ಮರುದಿನ ಮಧ್ಯಾಹ್ನ ಬರುವವರು ಹೆಚ್ಚು ಚಿಂತಿಸಬೇಕಾಗಿಲ್ಲ. ಮರಿಗಳಿಗೆ ಈ ಲೆಕ್ಕ ಇಲ್ಲ, ಅವಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಮುದಿ ಬೆಕ್ಕಿಗೆ, ಔಷಧಿ ತೆಗೆದುಕೊಳ್ಳುವ ಬೆಕ್ಕಿಗೆ, ಮರಿಹಾಕಲು ಹತ್ತಿರವಾದ ಬೆಕ್ಕಿಗೂ ಇಲ್ಲ. ಇಪ್ಪತ್ತನಾಲ್ಕು ಗಂಟೆ ದಾಟುತ್ತದೆ ಅಂತಾದರೆ ಯಾವ ಬೆಕ್ಕಿಗೂ ಒಬ್ಬ ಮನುಷ್ಯ ಬಂದು ಹೋಗಲೇಬೇಕು. ಸ್ವೀಡನ್ ದೇಶದಲ್ಲಿ ಸಾಕಿದ ಬೆಕ್ಕನ್ನು ದಿನಕ್ಕೆ ಕನಿಷ್ಠ ಎರಡು ಸಲ ನೋಡಬೇಕು ಅಂತ ನಿಯಮವೇ ಇದೆ. ಊಟ ಹಾಕುವುದು, ನೀರು ಕೊಡುವುದು ಎಂಬ ಮಾತಲ್ಲ, ನೋಡುವುದು. ನಾನು ಈ ಹೊತ್ತು ಹೇಳಬೇಕೆಂದಿರುವುದರ ತಿರುಳೂ ಅದೇ: ಬೆಕ್ಕಿನ ವ್ಯವಸ್ಥೆ ಅಂದರೆ ತುಂಬಿದ ತಟ್ಟೆಯಲ್ಲ, ಅದನ್ನು ಕಣ್ಣಾರೆ ನೋಡುವ ಒಬ್ಬರು.

ಯಾಕೆ ನೋಡಬೇಕು? ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ಗಂಡು ಬೆಕ್ಕುಗಳಲ್ಲಿ ಮೂತ್ರದ ದಾರಿ ಕಟ್ಟಿಕೊಳ್ಳುವುದು ಅಪರೂಪವೇನಲ್ಲ. ಹೊಯಿಗೆಯ ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತದೆ, ಹನಿ ಬರುವುದಿಲ್ಲ, ಕೂಗುತ್ತದೆ. ಮನೆಯವರು ಹೊಟ್ಟೆ ಕಟ್ಟಿದೆ ಅಂತ ತಿಳಿಯುತ್ತಾರೆ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಅದು ಆ ಕ್ಷಣವೇ ಪಶುವೈದ್ಯರಲ್ಲಿಗೆ ಓಡಬೇಕಾದ ಸಂಗತಿ, ಯಜಮಾನರು ಬಂದ ಮೇಲೆ ನೋಡುವ ಅಂತ ಕಾಯುವಂಥದ್ದಲ್ಲ. ಇನ್ನೊಂದು, ಊಟ ಬಿಡುವುದು. ಮನುಷ್ಯರು ಏಕಾದಶಿ ಮಾಡಬಹುದು, ರಂಜಾನ್ ಉಪವಾಸ ಹಿಡಿಯಬಹುದು. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಂಡು ಅದು ಕೆಡುತ್ತದೆ. ತಟ್ಟೆ ತುಂಬಿದ್ದರೆ ಈ ಎರಡರಲ್ಲಿ ಯಾವುದೂ ಗೊತ್ತಾಗುವುದಿಲ್ಲ. ತಟ್ಟೆ ಹಾಗೆಯೇ ಉಳಿದಿದೆ ಅಂತ ಒಬ್ಬರು ಬಂದು ನೋಡಿದರೆ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ಕಾಣುವ ಕ್ಯಾಮೆರಾ ಇಟ್ಟರೆ ಸಾಕಲ್ಲ, ಹೊತ್ತಿಗೆ ಸರಿಯಾಗಿ ಊಟ ಸುರಿಯುವ ಯಂತ್ರವೂ ಉಂಟಲ್ಲ ಅಂತ ಹುಡುಗರು ಹೇಳುತ್ತಾರೆ. ಇಡಿ, ಬೇಡ ಅನ್ನುವುದಿಲ್ಲ. ಜುಲೈ ತಿಂಗಳ ಒಂದು ಗಾಳಿಮಳೆಗೆ ಮೆಸ್ಕಾಂ ಲೈನಿನ ಮೇಲೆ ತೆಂಗಿನ ಮಡಲು ಬಿದ್ದರೆ ಕ್ಯಾಮೆರಾವೂ ಇಲ್ಲ, ವೈಫೈಯೂ ಇಲ್ಲ.

ಹಾಗಾದರೆ ನೋಡುವವರು ಯಾರು? ಇಲ್ಲಿಗೆ ಮಾತು ನೆರೆಮನೆಗೆ ಬರುತ್ತದೆ.

ನಮ್ಮ ತೊಕ್ಕೊಟ್ಟಿನಲ್ಲಿ ಒಂದೇ ಮೆಟ್ಟಿಲು ಹತ್ತುವವರಲ್ಲಿ ಬ್ಯಾರಿ ಮಾತಾಡುವವರು, ಕೊಂಕಣಿ ಮಾತಾಡುವ ಕ್ರಿಶ್ಚಿಯನರು, ತುಳುವರು, ಕೇರಳದಿಂದ ಬಂದ ನರ್ಸುಗಳು ಎಲ್ಲರೂ ಇದ್ದಾರೆ. ನಾಯಿಯ ವಿಷಯದಲ್ಲಿ ಇವರೊಳಗೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ ಇದ್ದೀತು. ಬೆಕ್ಕು ಮಾತ್ರ ಎಲ್ಲರ ಮನೆಗೂ ಸಲ್ಲುತ್ತದೆ. ಬೆಕ್ಕನ್ನು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ ನಮ್ಮ ಹಿರಿಯರು ಹೆದರಿಸುತ್ತಿದ್ದರು. ಬೆಕ್ಕು ಮುಟ್ಟಿದ ನೀರು ಅಶುದ್ಧವಲ್ಲ, ಅದು ಮನೆಯೊಳಗೆ ಸುತ್ತಾಡಿಕೊಂಡಿರುವ ಜೀವ ಎಂಬ ಭಾವ ಇಸ್ಲಾಮಿನಲ್ಲಿದೆ. ಬುಖಾರಿಯ ಹದೀಸ್ ಸಂಗ್ರಹದಲ್ಲಿ ಒಬ್ಬ ಹೆಂಗಸಿನ ಪ್ರಸಂಗ ಬರುತ್ತದೆ. ಅವಳು ಬೆಕ್ಕೊಂದನ್ನು ಕೂಡಿಹಾಕಿದಳು, ಅದಕ್ಕೆ ಊಟ ನೀರು ಕೊಡಲಿಲ್ಲ, ನೆಲದ ಹುಳಹುಪ್ಪಟೆ ಹಿಡಿದು ತಿನ್ನಲು ಹೊರಗೂ ಬಿಡಲಿಲ್ಲ, ಬೆಕ್ಕು ಸತ್ತಿತು, ಅದಕ್ಕಾಗಿ ಅವಳಿಗೆ ನರಕವಾಯಿತು. ಹಂಚಿನ ಮನೆಯ ಬೆಕ್ಕಿಗೂ ಫ್ಲ್ಯಾಟಿನ ಬೆಕ್ಕಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ನೇರವಾಗಿ ಯಾರೂ ಹೇಳಿದ್ದು ನನಗೆ ಕಾಣೆ. ಬಾಗಿಲು ಮುಚ್ಚಿದವರಿಗೆ ಊಟದ ಹೊಣೆ ಬಂತು.

ನಮ್ಮ ಕಾನೂನೂ ಅದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದು ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವಂತೆ ಬೀದಿಯಲ್ಲಿ ಬಿಟ್ಟುಹೋಗುವುದೂ ಅಪರಾಧ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಇವತ್ತು ಅಷ್ಟರಲ್ಲಿ ಒಂದು ಬಂಗುಡೆ ಫ್ರೈ ಬರುವುದಿಲ್ಲ. ದಂಡ ಸಣ್ಣದು ಅಂತ ತಪ್ಪು ಸಣ್ಣದಾಗುವುದಿಲ್ಲ. ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಹೊಳೆ ದಾಟಿಸಿ ಬಿಟ್ಟರೆ ವಾಪಸು ಬರುವ ದಾರಿ ಅದಕ್ಕೆ ತಿಳಿಯುವುದಿಲ್ಲ ಎಂಬ ಹಳೆಯ ನಂಬಿಕೆ ನಮ್ಮಲ್ಲಿ ಉಂಟು. ಹಾಗೆ ಬಿಟ್ಟುಹೋದ ಬೆಕ್ಕುಗಳ ಪಾಡನ್ನು ಸಂಕದ ಈಚೆ ದಡದಲ್ಲಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನೆರೆಮನೆಯವರನ್ನು ಕೇಳುವುದಕ್ಕೆ ಸಂಕೋಚ ಬೇಡ. "ಅಕ್ಕ, ನಾಳೆ ನಾಡಿದ್ದು ನಾವು ಊರಿಗೆ ಹೋಗ್ತೇವೆ, ನಮ್ಮ ಬೆಕ್ಕನ್ನು ಬೆಳಿಗ್ಗೆ ಸಂಜೆ ಒಮ್ಮೆ ನೋಡ್ಲಿಕ್ಕೆ ಆಗ್ತದಾ?" ಅಂತ ಕೇಳಿದರೆ, "ಅದಕ್ಕೆಂತ, ಕೀ ಕೊಟ್ಟು ಹೋಗು ಮಾರಾಯ್ತಿ" ಅನ್ನುವವರೇ ನಮ್ಮಲ್ಲಿ ಹೆಚ್ಚು. ಆದರೆ ಕೀ ಒಂದನ್ನೇ ಕೊಟ್ಟು ಹೋಗಬೇಡಿ. ಹೊರಡುವ ಮೊದಲು ಅವರನ್ನು ಒಂದೆರಡು ಸಲ ಮನೆಗೆ ಕರೆಯಿರಿ. ಚಹಾ ಕುಡಿಯುತ್ತಾ ಕೂತಿರಲಿ, ಬೆಕ್ಕು ಬಂದು ಕಾಲು ಮೂಸಲಿ, ಅವರ ಕೈಯಿಂದ ಒಂದು ತುಂಡು ಮೀನು ತಿನ್ನಲಿ. ಗುರುತಿಲ್ಲದವರು ಬೀಗ ತೆಗೆದು ಬಂದರೆ ಬೆಕ್ಕು ಮಂಚದಡಿಗೆ ಸೇರುತ್ತದೆ, ಬಂದವರು "ಬೆಕ್ಕೇ ಇಲ್ಲ" ಅಂತ ಗಾಬರಿಯಾಗಿ ನಿಮಗೆ ನೇಮದ ನಡುವೆ ಫೋನ್ ಮಾಡುತ್ತಾರೆ. ಅದು ಅಡಗುವ ಜಾಗ ಯಾವುದು, ಯಾವ ಹೆಸರು ಕೂಗಿದರೆ ಬರುತ್ತದೆ, ಪಶುವೈದ್ಯರ ಫೋನ್ ನಂಬರ್ ಎಷ್ಟು, ಇಷ್ಟನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸಿ. ಖರ್ಚಿಗೆ ಸ್ವಲ್ಪ ದುಡ್ಡೂ ಇಟ್ಟುಹೋಗಿ. ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೆ ಅವರು ಕೈಯಿಂದ ಹಾಕುವಂತೆ ಆಗಬಾರದು.

ಮೂರು ನಾಲ್ಕು ವಿಷಯ ಅವರಿಗೆ ಬಾಯಿಬಿಟ್ಟು ಹೇಳಬೇಕು. ಒಂದು ಫಿನಾಯಿಲು. ಬೆಕ್ಕು ನೆಲದಲ್ಲಿ ಗಲೀಜು ಮಾಡಿದ್ದರೆ ಒಳ್ಳೆಯ ಮನಸ್ಸಿನ ನೆರೆಯವರು ಮೊದಲು ಹುಡುಕುವುದು ಅದನ್ನೇ. ಫೀನಾಲ್ ಜಾತಿಯ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಫಿನಾಯಿಲು ಹಾಕಿ ಒರೆಸಿದ ನೆಲದಲ್ಲಿ ಬೆಕ್ಕು ನಡೆದು, ಕಾಲು ನೆಕ್ಕಿ, ಕಾಯಿಲೆ ಬೀಳುತ್ತದೆ. ಸಾಬೂನು ನೀರು ಸಾಕು. ಮೈ ಬಿಸಿಯಾಗಿದೆ ಅಂತ ಪ್ಯಾರಾಸಿಟಮಾಲ್ ತುಂಡು ಮಾಡಿ ಕೊಡುವವರೂ ಇದ್ದಾರೆ. ಮಕ್ಕಳಿಗೆ ಕೊಡುವ ಆ ಮಾತ್ರೆ ಬೆಕ್ಕಿಗೆ ವಿಷ, ಒಂದೇ ಮಾತ್ರೆಯಿಂದ ಸಾಯಬಹುದು. ಮತ್ತೆ, ನೋಡಲು ಬರುವವರು ಗರ್ಭಿಣಿಯಾಗಿದ್ದರೆ ಹೊಯಿಗೆಯ ಟ್ರೇ ಅವರ ಕೈಯಿಂದ ತೆಗೆಸಬೇಡಿ. ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೊಟ್ಟೆಯ ಮಗುವಿಗೆ ತೊಂದರೆ ಮಾಡಬಲ್ಲದು. ಹೊರಗೆ ಬಿದ್ದ ಮೇಲೆ ಅದು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕಾದ ಕಾರಣ, ಬೇರೆಯವರು ದಿನವೂ ತೆಗೆದುಬಿಟ್ಟರೆ ಅಪಾಯ ಕಡಿಮೆಯಾಗುತ್ತದೆ. ಇನ್ನು, ಆಟವಾಡುತ್ತಾ ಬೆಕ್ಕು ಪರಚಿದರೆ, ಕಚ್ಚಿದರೆ, ಲಸಿಕೆ ಹಾಕಿದ ಬೆಕ್ಕಾದರೂ ಸರಿ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು. ಅರಸಿನ ಹಚ್ಚಿ ಸುಮ್ಮನಿರುವುದು ಬೇಡ.

ಅರ್ಧ ರಾತ್ರಿಗೆ ಆಸ್ಪತ್ರೆಯಿಂದ ಕರೆ ಬಂದು, ಉಟ್ಟ ಬಟ್ಟೆಯಲ್ಲಿ ಓಡುವವರೂ ಇರುತ್ತಾರೆ. ಮಳೆಗಾಲದಲ್ಲಿ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲ ದಡದ ಮನೆಯವರಿಗೆ ಹೀಗೆ ಓಡುವುದು ಹೊಸತಲ್ಲ. ಕಡಲು ಅಂಗಳಕ್ಕೆ ಬಂದಾಗ ಬೆಕ್ಕಿಗೆ ಅಂತ ಕಾಗದ ಬರೆದಿಡಲು ಸಮಯ ಎಲ್ಲಿದೆ? ಅಂಥವರು ಒಂದು ಗಟ್ಟಿ ಬುಟ್ಟಿಯನ್ನು ವರ್ಷವಿಡೀ ಮನೆಯ ಮೂಲೆಯಲ್ಲಿ ಬಾಯಿ ತೆರೆದೇ ಇಟ್ಟಿರಲಿ. ಬೆಕ್ಕು ಅದರಲ್ಲಿ ಮಲಗಿ ಅಭ್ಯಾಸವಾಗಿದ್ದರೆ ತುರ್ತಿಗೆ ಮುಚ್ಚಳ ಹಾಕಿ ಎತ್ತಿಕೊಳ್ಳಬಹುದು. ಪೇಟೆಯವರಿಗೂ ಈ ಅಭ್ಯಾಸ ಒಳ್ಳೆಯದೇ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962 ಎಂಬ ನಂಬರನ್ನೂ ಫ್ರಿಜ್ಜಿಗೆ ಅಂಟಿಸುವ ಕಾಗದದಲ್ಲಿ ಸೇರಿಸಿ.

ಕೆಲವರು ಕೇಳುತ್ತಾರೆ, ಬೆಕ್ಕಿಗೆ ನಾವು ಹೋದದ್ದು ಬಂದದ್ದು ಗೊತ್ತಾಗುತ್ತದಾ ಅಂತ. ಸ್ವೀಡನ್ನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಬೆಕ್ಕುಗಳನ್ನು ಒಮ್ಮೆ ಅರ್ಧ ಗಂಟೆ, ಒಮ್ಮೆ ನಾಲ್ಕು ಗಂಟೆ ಒಂಟಿಯಾಗಿ ಬಿಟ್ಟು ನೋಡಿದರು. ನಾಲ್ಕು ಗಂಟೆಯ ಮೇಲೆ ಯಜಮಾನರು ಬಂದಾಗ ಬೆಕ್ಕುಗಳು ಹೆಚ್ಚು ಗುರುಗುಟ್ಟಿದವು, ಹೆಚ್ಚು ಮೈಮುರಿದವು. ನಾಲ್ಕು ಗಂಟೆಗೇ ಹೀಗಾದರೆ ಎರಡು ದಿನಕ್ಕೆ ಏನು ಅಂತ ನೀವೇ ಅಂದಾಜು ಮಾಡಿ. ಉಟ್ಟು ಬಿಟ್ಟ ಒಂದು ಲುಂಗಿಯನ್ನೋ ಸೀರೆಯನ್ನೋ ಒಗೆಯದೆ ಅದರ ಮಲಗುವ ಜಾಗದಲ್ಲಿ ಹಾಸಿ ಹೋಗಿ. ಮನೆಯವರ ವಾಸನೆ ಇದ್ದರೆ ಅದಕ್ಕೆ ಧೈರ್ಯ. ಮಲ್ಲಿಗೆ ಚೆಂಡಿನ ಬಾಳೆನಾರು, ಹೊಲಿಗೆಯ ನೂಲು, ರಬ್ಬರ್ ಬ್ಯಾಂಡು ಮಾತ್ರ ಎಲ್ಲೂ ಬಿದ್ದಿರಬಾರದು. ನೂಲು ನುಂಗಿದರೆ ಕರುಳಿಗೆ ಸುತ್ತಿಕೊಂಡು ಆಪರೇಶನ್ನಿಗೆ ಬರುತ್ತದೆ.

ವಾಪಸು ಬಂದ ದಿನ ನೇಮದ ಪ್ರಸಾದದಲ್ಲಿ, ಮದುವೆಯ ಲಾಡಿನಲ್ಲಿ ಒಂದು ಪಾಲು ನೆರೆಮನೆಗೆ ಹೋಗಲಿ. ಅವರು ಉರೂಸಿಗೋ ಸಾಂತ್‌ಮಾರಿಗೋ ಆಸ್ಪತ್ರೆಗೋ ಹೊರಟಾಗ ಅವರ ಗಿಡಕ್ಕೆ ನೀರು, ಅವರ ಬೆಕ್ಕಿಗೆ ಊಟ ನಿಮ್ಮ ಪಾಲಿಗೆ ಬರಲಿ.

ಕೊನೆಗೊಂದು ವಿನಂತಿ. ಚೀಲ ಹೊರಗಿಟ್ಟು, ರಿಕ್ಷಾದವರು ಹಾರ್ನ್ ಹೊಡೆಯುತ್ತಿದ್ದರೂ ಸರಿ, ಒಮ್ಮೆ ಒಳಗೆ ಹೋಗಿ. ಗೋದ್ರೇಜ್ ಕಪಾಟು, ವಾಷಿಂಗ್ ಮೆಷಿನ್, ಬಾಲ್ಕನಿ, ಇಷ್ಟನ್ನೂ ತೆರೆದು ನೋಡಿ. ಬೆಕ್ಕು ಎಲ್ಲಿದೆ ಅಂತ ಕಣ್ಣಾರೆ ಕಂಡ ಮೇಲೆಯೇ ಬೀಗ ಹಾಕಿ.